ಜೋಳಿಗೆ ಮತ್ತು ತಂಬೂರಿ: ಮಳವಳ್ಳಿ ಸೀಮೆಯ ನೀಲಗಾರರ ಚರಿತ್ರೆ

ಚರಿತ್ರೆಯ ಪುಸ್ತಕದಲ್ಲಿ ಮಳವಳ್ಳಿಗೆ ಸಿಕ್ಕಿರುವುದು ಒಂದು ದಿನ. 1799ನೇ ಇಸವಿ ಮಾರ್ಚ್ 27. ಅವತ್ತು ಟಿಪ್ಪುವಿನ ದಂಡಿಗೂ ಜನರಲ್ ಹ್ಯಾರಿಸನ ದಂಡಿಗೂ ಅಲ್ಲಿ ಕಾಳಗವಾಯಿತು. ಮದ್ದೂರಿಗೆ ಸಿಕ್ಕಿರುವುದು 1938ರ ಏಪ್ರಿಲ್, ಶಿವಪುರದ ಧ್ವಜ ಸತ್ಯಾಗ್ರಹ. ಮಂಡ್ಯಕ್ಕೆ ಸಿಕ್ಕಿರುವುದು 1933, ಸಕ್ಕರೆ ಕಂಪನಿ ಶುರುವಾದ ವರ್ಷ. ಸುಲ್ತಾನರು, ಮುಖಂಡರು, ದಿವಾನರು ಎಲ್ಲರೂ ಇದ್ದಾರೆ. ಇವರ ನಡುವೆ ಹೊಲಗೇರಿಯವನು ಎಲ್ಲಿದ್ದ ಅಂತ ಕೇಳಿ ನೋಡಿ, ಪುಸ್ತಕ ಬಾಯಿ ಬಿಡುವುದಿಲ್ಲ.

ಇದೇ ನೆಲದಲ್ಲಿ ಇನ್ನೊಂದು ಚರಿತ್ರೆ ಉಂಟು. ಕಾಗದದ ಮೇಲೆ ಬರುವುದಕ್ಕೆ ಮುಂಚೆ ನೂರಾರು ವರ್ಷ ಅದು ಗಂಟಲಲ್ಲೇ ಇತ್ತು. ಅಕ್ಷರ ಕಲಿಯುವ ಹಕ್ಕಿಲ್ಲದವರು ಅದನ್ನು ನೆನಪಿನಲ್ಲಿ ಇಟ್ಟುಕೊಂಡರು. ಒಂದು ಕೈಲಿ ತಂಬೂರಿ, ಇನ್ನೊಂದು ಕೈಲಿ ಗಗ್ಗರ, ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ತಿರುಗಿದರು. ಜನ ಇವರನ್ನು ನೀಲಗಾರರು ಅಂತಾರೆ, ತಂಬೂರಿಯವರು ಅಂತಲೂ ಕರೀತಾರೆ. ಮಂಟೇಸ್ವಾಮಿಯ ಒಕ್ಕಲು ಇವರು. ಒಬ್ಬ ಹಳ್ಳಿ ಹಾಡುಗಾರನ ಬದುಕು ಹೇಗೆ ಹುಟ್ಟಿತು, ಹೇಗೆ ನಡೆಯಿತು, ಈಗ ಎಲ್ಲಿಗೆ ಬಂದು ನಿಂತಿದೆ ಎಂಬುದನ್ನು ಇವರ ದಾರಿ ಹಿಡಿದು ನೋಡಬೇಕು.

ಮೊದಲು ಇವರು ಹಾಡುವ ಕಥೆಯ ಊರುಗಳನ್ನು ನೋಡಿ. ಕಥೆ ಕಲ್ಯಾಣದಲ್ಲಿ ಶುರುವಾಗುತ್ತದೆ. ಮಂಟೇಸ್ವಾಮಿ ಹೊಲಸು ವೇಷದಲ್ಲಿ ಕಲ್ಯಾಣದ ಬಾಗಿಲಿಗೆ ಬರುತ್ತಾನೆ. ಮೈ ತುಂಬ ವಿಭೂತಿ ಬಳಿದುಕೊಂಡ ಶರಣರು ಮೂಗು ಮುಚ್ಚಿಕೊಂಡು ಅವನನ್ನು ಆಚೆಗಟ್ಟುತ್ತಾರೆ. ಗುರುತು ಹಿಡಿದು ಒಳಕ್ಕೆ ಕರೆದುಕೊಳ್ಳುವವರು ಬಸವಣ್ಣ, ನೀಲಮ್ಮ. ಜಾತಿ ಬಿಟ್ಟೆವು ಅಂತ ಸಾರಿದವರ ಊರಿನಲ್ಲೇ ಜಾತಿ ಎಷ್ಟು ಉಳಿದಿತ್ತು ಎಂಬ ಪರೀಕ್ಷೆ ಇದು. ಪರೀಕ್ಷೆ ಮಾಡಿದವನು ಬಾಗಿಲಾಚೆ ನಿಂತವನು. ಹನ್ನೆರಡನೇ ಶತಮಾನದ ಚಳವಳಿಯ ಬಗ್ಗೆ ಬಾಗಿಲಾಚೆಯಿಂದ ಬಂದ ಇಂಥ ವಿಮರ್ಶೆ ಪಂಡಿತರ ಹೊತ್ತಿಗೆಗಳಲ್ಲಿ ಎಷ್ಟಿದೆ, ಹುಡುಕಿ ನೋಡಿ.

ಆಮೇಲೆ ಕಥೆ ನಮ್ಮ ಸೀಮೆಗೆ ಇಳಿಯುತ್ತದೆ. ಮದ್ದೂರು ತಾಲೂಕಿನ ನಿಡಘಟ್ಟದಲ್ಲಿ ಅಕ್ಕಸಾಲೆ ಕಮ್ಮಾರಿಕೆಯ ಕುಲದ ಮುದ್ದಮ್ಮನ ಮಗ ಕೆಂಪಾಚಾರಿ. ಮಂಟೇಸ್ವಾಮಿ ಬಂದು ಅವನನ್ನು ಶಿಶುಮಗನಾಗಿ ಕೇಳುತ್ತಾನೆ. ತಾಯಿ ಕೊಡಲಾರಳು, ಸ್ವಾಮಿ ಬಿಡಲಾರ. ಕುಂದೂರು ಬೆಟ್ಟದ ಗವಿಯಲ್ಲಿ ಆ ಹುಡುಗ ಸೆರೆ ಬೀಳುತ್ತಾನೆ. ಹೊರಗೆ ಬರುವಾಗ ಅವನು ಸಿದ್ದಪ್ಪಾಜಿ. ಬೊಪ್ಪೇಗೌಡನಪುರದ ಮಠದ ಕೆಲಸಕ್ಕೆ ಕಬ್ಬಿಣ ಬೇಕು. ಹೋಗಿ ಬೇಡಿಕೊಂಡು ಬಾ ಅಂತ ಗುರು ಅವನನ್ನು ಹಲಗೂರಿಗೆ ಅಟ್ಟುತ್ತಾನೆ. ಹಲಗೂರಿನ ಪಾಂಚಾಳರು ಅವನ ಕುಲದವರೇ. ಆದರೆ ಕಬ್ಬಿಣ ಕೊಡುವುದಿಲ್ಲ. ಕಾದ ಕಬ್ಬಿಣ ಹಿಡಿ ಅಂತಾರೆ, ವಿಷ ಕುಡಿ ಅಂತಾರೆ. ಅವನು ಎಲ್ಲವನ್ನೂ ಗೆದ್ದು ಬರುತ್ತಾನೆ. ಕೊನೆಗೆ ಚಿಕ್ಕಲ್ಲೂರಿನಲ್ಲಿ ನೆಲೆ ನಿಲ್ಲುತ್ತಾನೆ.

ಈ ಊರುಗಳೆಲ್ಲ ನಕ್ಷೆಯಲ್ಲಿವೆ. ಹಲಗೂರು, ಬೊಪ್ಪೇಗೌಡನಪುರ ಎರಡೂ ಮಳವಳ್ಳಿ ತಾಲೂಕಿನವು. ಬೊಪ್ಪೇಗೌಡನಪುರವನ್ನು ಈಗ ಬಿ.ಜಿ. ಪುರ ಅಂತಾರೆ. ಚಿಕ್ಕಲ್ಲೂರು ಕಾವೇರಿಯಾಚೆ ಕೊಳ್ಳೇಗಾಲದ ಸೀಮೆ. 1956ರವರೆಗೆ ಅದು ಮದ್ರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಸರ್ಕಾರಗಳು ಎರಡಾದರೂ ಒಕ್ಕಲು ಒಂದೇ ಆಗಿ ಉಳಿಯಿತು. ಗಡಿ ದಾಟಿಸಿ ಜನರನ್ನು ಒಟ್ಟಿಗೆ ಹಿಡಿದಿಟ್ಟಿದ್ದು ಈ ಹಾಡು. ನಿಡಘಟ್ಟದ ಹೆಸರು ಈಚೆಗೆ ಸರ್ಕಾರದ ಕಡತದಲ್ಲೂ ಬಂತು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಒಂದು ಪಾಲು ನಿಡಘಟ್ಟಕ್ಕೆ ಮುಗಿದು ಇನ್ನೊಂದು ಪಾಲು ಅಲ್ಲಿಂದ ಶುರುವಾಗುತ್ತದೆ. ಹೆದ್ದಾರಿಯಲ್ಲಿ ಹಾರಿಹೋಗುವ ಕಾರುಗಳಿಗೆ ಮುದ್ದಮ್ಮನ ಅಳು ಕೇಳಿಸುವುದಿಲ್ಲ. ನೀಲಗಾರನ ಕಥೆಯಲ್ಲಿ ಅದು ಇನ್ನೂ ನಿಂತಿಲ್ಲ.

ಈಗ ಹಾಡುವವನ ಕಡೆ ಬರೋಣ. ನೀಲಗಾರ ಹುಟ್ಟುವುದು ಹರಕೆಯಿಂದ. ಮಕ್ಕಳಾಗಲಿಲ್ಲ, ಕಾಯಿಲೆ ವಾಸಿಯಾಗಲಿಲ್ಲ, ಹಾಗೆಂದು ಮನೆಯವರು ಒಬ್ಬ ಮಗನನ್ನು ಮಠಕ್ಕೆ ಬಿಡುತ್ತಾರೆ. ದೀಕ್ಷೆಯಾಗುತ್ತದೆ, ಹೆಗಲಿಗೆ ಜೋಳಿಗೆ ಬರುತ್ತದೆ. ಇವರಲ್ಲಿ ಹೊಲೆಯರೇ ಹೆಚ್ಚು. ಬೇರೆ ಬೇರೆ ಕೆಳಜಾತಿಯವರೂ, ಒಕ್ಕಲಿಗರೂ ಇದ್ದಾರೆ. ದೀಕ್ಷೆ ಪಡೆದವರೆಲ್ಲ ಹಾಡುಗಾರರಾಗುವುದಿಲ್ಲ. ಗಂಟಲಿರುವವನು, ನೆನಪಿರುವವನು ಹಿರಿಯನೊಬ್ಬನ ಮೇಳ ಸೇರುತ್ತಾನೆ. ಮೊದಲು ಡಕ್ಕೆ ಹಿಡಿಯುತ್ತಾನೆ, ತಾಳ ಹಾಕುತ್ತಾನೆ, ಹಿಮ್ಮೇಳದಲ್ಲಿ ಸೊಲ್ಲು ಹಿಡಿದು ಎಳೆಯುತ್ತಾನೆ. ವರ್ಷಗಟ್ಟಲೆ ಹಾಗೇ. ಸಾಲು ಸಾಲಾಗಿ ಬಾಯಿಪಾಠ ಮಾಡಿಸುವ ಗುರು ಇಲ್ಲ. ಕೇಳಿ ಕೇಳಿ ಕಥೆ ಮೈಗೆ ಹತ್ತಬೇಕು. ಒಂದು ದಿನ ಮುಂದಾಳಿಗೆ ದನಿ ಒಡೆಯುತ್ತದೆ, ಇಲ್ಲವೇ ವಯಸ್ಸಾಗುತ್ತದೆ. ಆಗ ತಂಬೂರಿ ಇವನ ಹೆಗಲಿಗೆ ಬರುತ್ತದೆ.

ಕಥೆ ಎರಡು ರಾತ್ರಿ ಹಾಡಿದರೂ ಒಂದೇ ಥರ ಇರುವುದಿಲ್ಲ. ಕೂತವರು ಯಾರು, ಕೇರಿ ಯಾವುದು, ಕಥೆ ಮಾಡಿಸಿದ್ದು ಹರಕೆಗೋ ತಿಥಿಗೋ ಎಂಬುದನ್ನು ನೋಡಿಕೊಂಡು ಅವನು ಬೆಳೆಸುತ್ತಾನೆ, ಕುಗ್ಗಿಸುತ್ತಾನೆ. ಹಾಡು ನಿಲ್ಲಿಸಿ ಮಾತಿಗಿಳಿದು ಊರಿನ ಗೌಡನನ್ನು ಹಾಸ್ಯದಲ್ಲಿ ಚುಚ್ಚಿಬಿಡುತ್ತಾನೆ. ಹಗಲಲ್ಲಿ ಆಡಿದರೆ ಹಲ್ಲುದುರುವ ಮಾತನ್ನು ರಾತ್ರಿ ತಂಬೂರಿ ಹಿಡಿದು ಆಡಬಹುದಿತ್ತು. ಬಡವರಿಗೆ ಪತ್ರಿಕೆ ಇಲ್ಲದ ಕಾಲದಲ್ಲಿ ಇದೇ ಪತ್ರಿಕೆ, ಕೋರ್ಟು ಇಲ್ಲದ ಕಡೆ ಇದೇ ಕೋರ್ಟು.

ವರ್ಷದ ತಿರುಗಾಟಕ್ಕೂ ಒಂದು ಲೆಕ್ಕ ಇತ್ತು. ಪುಷ್ಯ ಮಾಸದ ಹುಣ್ಣಿಮೆಗೆ ಚಿಕ್ಕಲ್ಲೂರು ಜಾತ್ರೆ. ಐದು ದಿನದ ಜಾತ್ರೆ ಅದು. ಮೊದಲ ದಿನ ಚಂದ್ರಮಂಡಲ ಹೊತ್ತಿಸುತ್ತಾರೆ. ಶಿವರಾತ್ರಿಗೆ ಕೃಷ್ಣರಾಜನಗರದ ಕಡೆ ಕಾವೇರಿ ದಡದ ಕಪ್ಪಡಿ, ಅದು ರಾಚಪ್ಪಾಜಿಯ ನೆಲೆ. ಸುಗ್ಗಿಯಲ್ಲಿ ಕಣದಿಂದ ಕಣಕ್ಕೆ ಹೋದರೆ ಮೊರದಲ್ಲಿ ರಾಗಿ, ಭತ್ತ, ಅವರೆ. ಜಾತ್ರೆಯಲ್ಲಿ ಬೇರೆ ಬೇರೆ ಊರಿನ ಮೇಳಗಳು ಎದುರಾಗುತ್ತವೆ. ಒಬ್ಬನ ಮಟ್ಟು ಇನ್ನೊಬ್ಬನ ಕಿವಿಗೆ ಬೀಳುತ್ತದೆ. ನೀಲಗಾರನಿಗೆ ವಿದ್ಯಾಪೀಠ ಅಂತ ಒಂದಿದ್ದರೆ ಅದು ಜಾತ್ರೆಯ ಬಯಲು. ಚಿಕ್ಕಲ್ಲೂರಿನ ಪಂಕ್ತಿಸೇವೆಯಲ್ಲಿ ಎಲ್ಲ ಜಾತಿಯವರೂ ಸಾಲಾಗಿ ಕೂತು ಬಾಡೂಟ ಮಾಡುವ ಪದ್ಧತಿ ಇತ್ತು. ಇತ್ತೀಚಿನ ವರ್ಷಗಳಲ್ಲಿ 1959ರ ಪ್ರಾಣಿಬಲಿ ನಿಷೇಧ ಕಾಯ್ದೆ ಹಿಡಿದು ಜಿಲ್ಲಾಡಳಿತ ಅದಕ್ಕೆ ಕಾವಲು ಹಾಕಿತು. ನಾವು ಬಲಿ ಕೊಡುವುದಿಲ್ಲ, ಅಡುಗೆ ಮಾಡಿ ಹಂಚಿಕೊಂಡು ಉಣ್ಣುತ್ತೇವೆ ಎಂಬುದು ಒಕ್ಕಲಿನ ವಾದ. ಕಥೆ ಹುಟ್ಟುವ ಪಂಕ್ತಿಗೆ ಕೈ ಹಾಕಿದರೆ ಕಥೆಗೂ ಕೈ ಹಾಕಿದ ಹಾಗೆ.

ಇಷ್ಟು ಹೇಳಿ ಬಿಟ್ಟರೆ ಜಾನಪದದ ಸೊಗಸು ಅಂತ ತಲೆದೂಗಿ ಎದ್ದು ಹೋಗಬಹುದು. ಅದಕ್ಕೇ ಬೆಳಗಿನ ಮಾತನ್ನೂ ಆಡಬೇಕು. ರಾತ್ರಿಯೆಲ್ಲ ಸಿದ್ದಪ್ಪಾಜಿಯ ಕಥೆ ಕೇಳಿ ಕಣ್ಣೀರು ಹಾಕಿದ ಮನೆಯವರು, ಬೆಳಗಾದ ಮೇಲೆ ಅದೇ ಹಾಡುಗಾರ ಹೊಲೆಯನಾಗಿದ್ದರೆ ಅವನಿಗೆ ಜಗಲಿಯ ಕೆಳಗೆ ಎಲೆ ಹಾಕುತ್ತಿದ್ದರು. ಮೊರದ ಕಾಳನ್ನು ಮೇಲಿನಿಂದ ಜೋಳಿಗೆಗೆ ಸುರಿಯುತ್ತಿದ್ದರು. ಗುರುವಿನ ಹೆಸರಿಗೆ ಕಾಲು ಮುಗಿದವರು ಅವನ ಕೈ ಮುಟ್ಟುತ್ತಿರಲಿಲ್ಲ. ಕಲ್ಯಾಣದ ಬಾಗಿಲಲ್ಲಿ ನಡೆದದ್ದೇ ಮದ್ದೂರು, ಮಳವಳ್ಳಿಯ ಹಟ್ಟಿ ಬಾಗಿಲುಗಳಲ್ಲಿ ದಿನಾ ನಡೆಯಿತು. ಕಥೆಯನ್ನು ಕೇಳಿದವರೇ ಕಥೆಯೊಳಗಿನ ಸೋಗಿನ ಶರಣರಾದರು.

ತಂಬೂರಿಯ ಮಾತನ್ನೇ ತಗೊಳ್ಳಿ. ಅದೇ ಹೆಸರಿನ ವಾದ್ಯ ಮೈಸೂರಿನ ಅರಮನೆಯಲ್ಲೂ ಶ್ರುತಿ ಹಿಡಿಯಿತು. ವೀಣೆ ಶೇಷಣ್ಣನವರಂಥ ದೊಡ್ಡ ವಿದ್ವಾಂಸರಿಗೆ ಅರಮನೆಯ ಆಶ್ರಯ ಇತ್ತು. ಅವರು 1926ರಲ್ಲಿ ತೀರಿಕೊಂಡರೂ ಅವರ ಹೆಸರು, ಶಿಷ್ಯಪರಂಪರೆ, ಬಿರುದು ಎಲ್ಲ ದಾಖಲಾಗಿ ಉಳಿದಿವೆ. ಅವರ ವಿದ್ಯೆ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಅದೇ ಕಾಲದಲ್ಲಿ ಮಳವಳ್ಳಿ ಸೀಮೆಯಲ್ಲಿ ಎಷ್ಟು ಮಂದಿ ನೀಲಗಾರರು ರಾತ್ರಿಗಟ್ಟಲೆ ಕಾವ್ಯ ಕಟ್ಟಿ ಹಾಡಿ ಮಣ್ಣಾದರು? ಅವರ ಹೆಸರು ಯಾವ ಅರಮನೆಯ ಪುಸ್ತಕದಲ್ಲಿದೆ? ಒಂದು ತಂಬೂರಿಗೆ ಸಂಬಳ, ಇನ್ನೊಂದಕ್ಕೆ ಭಿಕ್ಷೆ.

ಬೆಳಕಿನ ಲೆಕ್ಕವೂ ಹೀಗೇ. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಮಳವಳ್ಳಿ ಸೀಮೆಯಿಂದ ಹೊರಟು ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು. ತಂತಿ ಕೇರಿಗಳ ತಲೆಯ ಮೇಲೆ ಹಾದುಹೋಯಿತು. ನೀಲಗಾರ ಹರಳೆಣ್ಣೆ ದೀಪದಲ್ಲಿ, ಲಾಟೀನಿನಲ್ಲಿ ಕಥೆ ಮಾಡುತ್ತಿದ್ದ. 1930ರ ದಶಕದಲ್ಲಿ ಕನ್ನಂಬಾಡಿಯಿಂದ ಇರ್ವಿನ್ ನಾಲೆಯ ನೀರು ಹರಿಯಿತು. ಮಂಡ್ಯದ ಬಯಲು ಕಬ್ಬಾಯಿತು, ಭತ್ತವಾಯಿತು. 1939ರಲ್ಲಿ ಮಂಡ್ಯ ಜಿಲ್ಲೆಯೂ ಆಯಿತು. ನೀರು ಜಮೀನಿದ್ದವನ ಗದ್ದೆಗೆ ಹೋಯಿತು. ಜಮೀನಿಲ್ಲದವನು ಕಬ್ಬು ಕಡಿಯಲು ಹೋದ. ರಾಗಿ ಕಣಗಳು ಕಮ್ಮಿಯಾದ ಕಡೆ ಕಣದ ಭಿಕ್ಷೆಯೂ ಕಮ್ಮಿಯಾಯಿತು. ಹಗಲೆಲ್ಲ ಕಬ್ಬು ಕಡಿದವನು ರಾತ್ರಿ ಹೇಗೆ ಹಾಡಿಯಾನು?

ಆಮೇಲೆ ಓದಿದವರು ಬಂದರು. ಇವರಲ್ಲಿ ನಮ್ಮ ಜಿಲ್ಲೆಯವರೇ ಇಬ್ಬರು ದೊಡ್ಡವರು. ನಾಗಮಂಗಲ ತಾಲೂಕಿನ ಜೀ.ಶಂ. ಪರಮಶಿವಯ್ಯನವರು ಹಾಡುಗಾರರ ಮನೆ ಬಾಗಿಲಿಗೆ ಹೋಗಿ ಕೂತು ಕಾವ್ಯ ಬರೆದುಕೊಂಡರು. 1968ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜಾನಪದ ವಸ್ತು ಸಂಗ್ರಹಾಲಯ ಎದ್ದಿತು, ಅದರ ಹಿಂದೆಯೂ ಅವರ ದುಡಿಮೆ ಇದೆ. ಅದೇ ತಾಲೂಕಿನ ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿ, ರಾಮನಗರದ ಬಳಿ ಜಾನಪದ ಲೋಕ ಮಾಡಿದರು. 1980ರಲ್ಲಿ ಸರ್ಕಾರದ ಅಕಾಡೆಮಿ ಬಂತು. 1991ರಲ್ಲಿ ಹುಟ್ಟಿದ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆ ದಶಕದಲ್ಲೇ ಹಿ.ಚಿ. ಬೋರಲಿಂಗಯ್ಯನವರ ಸಂಪಾದನೆಯಲ್ಲಿ ಮಂಟೇಸ್ವಾಮಿ ಕಾವ್ಯವನ್ನು ದೊಡ್ಡದಾಗಿ ಅಚ್ಚು ಹಾಕಿಸಿತು. ಇವರು ಮಾಡದಿದ್ದರೆ ಎಷ್ಟೋ ಗಂಟಲುಗಳ ಜತೆ ಎಷ್ಟೋ ಕಾವ್ಯ ಮಣ್ಣಾಗುತ್ತಿತ್ತು. ಈ ಋಣ ದೊಡ್ಡದು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ರಕ್ಷಾಪುಟದ ಮೇಲೆ ಯಾರ ಹೆಸರು? ನಮ್ಮಲ್ಲಿ ಬಹಳ ಸಲ ಸಂಪಾದಕನ ಹೆಸರು ಮೇಲೆ, ಹಾಡಿದವನ ಹೆಸರು ಒಳಗಿನ ಪುಟದಲ್ಲಿ. ಇದು ಬೇರೆ ಥರವೂ ಆಗಬಹುದು ಅನ್ನುವುದಕ್ಕೆ ನಿದರ್ಶನ ಇದೆ. ಮಲೆ ಮಾದೇಶ್ವರ ಕಾವ್ಯ ಇಂಗ್ಲಿಷಿಗೆ ಹೋಗಿ 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಪ್ರಕಟವಾದಾಗ, ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ್ದು ಎಂಬುದು ಪುಸ್ತಕದ ಹೆಸರಿನ ಜತೆಗೇ ಬಂತು. ಅದು ದಾನ ಅಲ್ಲ. ಕವಿಯನ್ನು ಕವಿ ಅಂತ ಕರೆದದ್ದು ಅಷ್ಟೆ.

ಪುಸ್ತಕ ಓದದವರ ಹತ್ತಿರಕ್ಕೆ ಹೋದದ್ದು ಕ್ಯಾಸೆಟ್ಟು. 1980ರ ದಶಕದಿಂದ ಟೀ ಅಂಗಡಿ, ಟ್ರ್ಯಾಕ್ಟರು, ಜಾತ್ರೆಯ ಅಂಗಡಿ ಸಾಲಿನಲ್ಲಿ ತಂಬೂರಿ ಕೇಳಿಸಿತು. ಆ ಕಾಲದ ಮುಖ್ಯ ಹೆಸರು ಮಳವಳ್ಳಿ ಮಹದೇವಸ್ವಾಮಿ. ಮಂಟೇಸ್ವಾಮಿ, ಸಿದ್ದಪ್ಪಾಜಿ, ಮಾದಪ್ಪನ ಕಥೆಗಳು ಆ ಗಂಟಲಿನಿಂದ ಕ್ಯಾಸೆಟ್ಟಿಗೆ, ಅಲ್ಲಿಂದ ಸೀಡಿಗೆ, ಈಗ ಮೊಬೈಲಿಗೆ ಬಂದಿವೆ. ಊರಿನ ಹೆಸರು ಹಾಡುಗಾರನ ಹೆಸರಿಗೆ ಅಂಟಿಕೊಂಡು ಹೋಯಿತು. ಮಳವಳ್ಳಿ ಎಲ್ಲಿದೆ ಅಂತ ಗೊತ್ತಿಲ್ಲದವರಿಗೂ ಮಳವಳ್ಳಿ ಅಂದರೆ ಒಂದು ದನಿ. ಹ್ಯಾರಿಸನ ದಂಡು ಕೊಡದ ಹೆಸರನ್ನು ತಂಬೂರಿ ಕೊಟ್ಟಿತು.

ಕ್ಯಾಸೆಟ್ಟು ಮಾಡಿದ ಉಪಕಾರ ಸಣ್ಣದಲ್ಲ. ಅದು ಮನೆಯೊಳಗೆ ಹೋಯಿತು. ನೀಲಗಾರನನ್ನು ಜಗಲಿಯಲ್ಲೇ ನಿಲ್ಲಿಸಿದ ಮನೆಯ ನಡುಮನೆಯಲ್ಲಿ, ದೇವರ ಮೂಲೆಯ ಪಕ್ಕದಲ್ಲಿ ಅವನ ದನಿ ಕೂತಿತು. ಮಾಡಿದ ಅಪಕಾರವೂ ಇದೆ. ಬೆಳತನಕ ನಡೆಯುವ ಕಥೆಯನ್ನು ಒಂದು ಗಂಟೆಗೆ ಇಳಿಸಬೇಕು. ಒಂದು ಮುಖಕ್ಕೆ ಅರ್ಧ ಗಂಟೆ. ಎದುರಿಗೆ ಜನ ಇಲ್ಲ, ಹೂಂಗುಟ್ಟುವವರಿಲ್ಲ. ಊರ ಗೌಡನನ್ನು ಚುಚ್ಚುವ ಮಾತು ಬಿದ್ದುಹೋಗಿ ಪವಾಡ ಉಳಿಯಿತು. ಕೀಬೋರ್ಡು ಬಂತು, ಡಕ್ಕೆ ಹಿಂದೆ ಸರಿಯಿತು.

ಹಕ್ಕಿನ ಮಾತೂ ಇದೆ. 1957ರ ಹಕ್ಕುಸ್ವಾಮ್ಯ ಕಾಯ್ದೆ ಕೇಳುವುದು ಬರೆದವನ ಹೆಸರನ್ನು. ನೀಲಗಾರರ ಕಾವ್ಯಕ್ಕೆ ಒಬ್ಬ ಬರೆದವನಿಲ್ಲ. ನೂರಾರು ಮಂದಿ ಕಟ್ಟಿದವರಿದ್ದಾರೆ. ಹಾಡುವವನಿಗೂ ಹಕ್ಕುಂಟು ಅಂತ ಈ ಕಾಯ್ದೆ ಒಪ್ಪಿದ್ದು 1994ರ ತಿದ್ದುಪಡಿಯಲ್ಲಿ. ಅಷ್ಟು ಹೊತ್ತಿಗೆ ಕ್ಯಾಸೆಟ್ಟಿನ ಸುಗ್ಗಿ ಬಹಳ ಮಟ್ಟಿಗೆ ಕೊಯ್ದಾಗಿತ್ತು. ಸಿನಿಮಾದವರೂ ಬಂದರು. 1996ರ ‘ಜನುಮದ ಜೋಡಿ’ ಚಿತ್ರದಲ್ಲಿ ಮಾದಪ್ಪನ ಕೋಲುಮಂಡೆಯ ಹಾಡು ಇತ್ತು. ಅದನ್ನು ಹಾಡಿದ ಎಲ್.ಎನ್. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿ ಬಂತು. ಅವರು ಚೆನ್ನಾಗಿಯೇ ಹಾಡಿದರು. ಆದರೆ ಆ ಹಾಡನ್ನು ಭಿಕ್ಷೆಯ ಕಾಳಿಗೆ ತಲೆಮಾರುಗಟ್ಟಲೆ ಕಾಪಾಡಿದ ದೇವರಗುಡ್ಡರಿಗೆ ಯಾವ ಪ್ರಶಸ್ತಿಯಲ್ಲಿ ಪಾಲು?

ಹಾಡಿದವನ ಬೆವರು ಒಬ್ಬನದು, ಲಾಭ ಇನ್ನೊಬ್ಬನದು ಎಂಬುದು ನಮ್ಮ ನಾಡಿಗೆ ಮಾತ್ರ ಅಂಟಿದ ರೋಗ ಅಲ್ಲ. ಅಮೆರಿಕದ ದಕ್ಷಿಣದಲ್ಲಿ ಗುಲಾಮಗಿರಿಯಿಂದ ಬಂದ ಕಪ್ಪು ಜನ ಬ್ಲೂಸ್ ಎಂಬ ಹಾಡು ಕಟ್ಟಿದರು. ಟೆನೆಸ್ಸಿಯ ಬಡ ಹುಡುಗಿ ಬೆಸ್ಸಿ ಸ್ಮಿತ್ 1923ರಿಂದ ಕೊಲಂಬಿಯಾ ಕಂಪನಿಗೆ ಹಾಡಿದಳು. ತಟ್ಟೆಗಳು ಲಕ್ಷಗಟ್ಟಲೆ ಮಾರಾಟವಾದವು. ಅವಳಿಗೆ ಸಿಕ್ಕಿದ್ದು ಹಾಡಿಗೆ ಇಷ್ಟು ಅಂತ ಒಂದು ಸಲದ ದುಡ್ಡು. 1937ರಲ್ಲಿ ಸತ್ತಳು. 1970ರವರೆಗೆ ಅವಳ ಗೋರಿಗೆ ಒಂದು ಹೆಸರಿನ ಕಲ್ಲೂ ಇರಲಿಲ್ಲ. ಮಳವಳ್ಳಿಯ ನೀಲಗಾರನಿಗೆ ಅವಳ ಭಾಷೆ ಬಾರದು. ಆದರೆ ಈ ಕಥೆಯನ್ನು ಅವನಿಗೆ ಹೇಳಿ, ಮುಂದಿನ ಸೊಲ್ಲು ಅವನೇ ಹಾಡುತ್ತಾನೆ.

ಕೊನೆಯದಾಗಿ ನಮ್ಮ ಮನೆಯೊಳಗಿನ ಜಗಳದ ಮಾತು. 1927ರಲ್ಲಿ ಮಹಾಡಿನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಕೀಳರಿಮೆ ಬಿಡಿ ಅಂದರು. 1970ರ ದಶಕದಲ್ಲಿ ಆ ಮಾತು ಕರ್ನಾಟಕದ ಕೇರಿಗಳಿಗೆ ಬಂತು. 1973ರಲ್ಲಿ ಬೂಸಾ ಗಲಾಟೆ, 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’, ಆ ದಶಕದ ನಡುವೆ ದಲಿತ ಸಂಘರ್ಷ ಸಮಿತಿ, 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ. ಶಾಲೆಗೆ ಹೋದ ನೀಲಗಾರನ ಮಗ ಅಪ್ಪನ ಜೋಳಿಗೆ ನೋಡಿ ನಾಚಿದ. ನಾನು ಹೊರಲ್ಲ ಕಣಪ್ಪ, ಗೌಡನ ಬಾಗ್ಲಲ್ಲಿ ನಿಂತ್ಕೊಳಲ್ಲ ಅಂದ. ಅವನು ಅಂದದ್ದು ನ್ಯಾಯ. ಸಂಪ್ರದಾಯ ಕೆಟ್ಟುಹೋಯಿತು ಅಂತ ಪಟ್ಟಣದಲ್ಲಿ ಕೂತು ಕೊರಗುವ ರಸಿಕರು ತಮ್ಮ ಮಗನ ಹೆಗಲಿಗೆ ಒಂದು ದಿನ ಜೋಳಿಗೆ ಹಾಕಿ ಬೀದಿಗೆ ಕಳಿಸಲಿ, ಆಮೇಲೆ ಮಾತಾಡೋಣ. 1975ರಲ್ಲೇ ಭಿಕ್ಷಾಟನೆ ನಿಷೇಧದ ಕಾಯ್ದೆಯೂ ಬಂತು. ಮಠದ ಹರಕೆಯ ಭಿಕ್ಷೆಗೂ ಬೀದಿಯ ಭಿಕ್ಷೆಗೂ ನಡುವಿನ ಗೆರೆ ಗೌರವದ ಗೆರೆ. ಪೇಟೆಯವರ ಕಣ್ಣಿಗೆ ಅದು ಕಾಣುವುದಿಲ್ಲ.

ಆದರೆ ಜೋಳಿಗೆಯ ಜತೆ ತಂಬೂರಿಯನ್ನೂ ಅಟ್ಟಕ್ಕೆ ಎಸೆದರೆ ನಷ್ಟ ಯಾರಿಗೆ? ಚಳವಳಿ ಈ ಪ್ರಶ್ನೆಗೆ ತಮಟೆಯಲ್ಲಿ ಉತ್ತರ ಕೊಟ್ಟಿತ್ತು. ಹೆಣದ ಮುಂದೆ, ತೇರಿನ ಮುಂದೆ ಬಿಟ್ಟಿ ಬಡಿಯುತ್ತಿದ್ದ ತಮಟೆಯನ್ನು ಮೆರವಣಿಗೆಗೆ ತಂದು, ಸವಾಲಿನ ವಾದ್ಯ ಮಾಡಿತು. ಚರ್ಮ ಅದೇ, ಬಡಿಯುವ ಕೈ ಅದೇ. ಬದಲಾದದ್ದು ಯಾರ ಅಪ್ಪಣೆಗೆ ಬಡಿಯಬೇಕು ಎಂಬುದು. ತಂಬೂರಿಗೂ ಹಾಗೆ ಆಗಬೇಕಾಗಿತ್ತು. ಬರೆಯುವವರು ಸ್ವಲ್ಪ ಮಾಡಿದರು. ಎಚ್.ಎಸ್. ಶಿವಪ್ರಕಾಶರು ‘ಮಂಟೇಸ್ವಾಮಿ ಕಥಾಪ್ರಸಂಗ’ವನ್ನು ರಂಗಕ್ಕೆ ತಂದರು. ಹಾಡುವವರಿಗೆ ಮಾತ್ರ ಉಳಿದದ್ದು ಸರ್ಕಾರಿ ಉತ್ಸವದಲ್ಲಿ ಮಂತ್ರಿ ಬರುವವರೆಗೆ ಹತ್ತು ನಿಮಿಷ.

ದಾರಿ ಕಥೆಯೊಳಗೇ ಇದೆ ಅನ್ನಿಸುತ್ತದೆ. ಸಿದ್ದಪ್ಪಾಜಿ ಹಲಗೂರಿನಲ್ಲಿ ಬೇಡಿದ್ದು ಏನನ್ನು? ಹಳಸಿದ ಅನ್ನ ಕೇಳಲಿಲ್ಲ, ಹರಕು ಬಟ್ಟೆ ಕೇಳಲಿಲ್ಲ, ಕಬ್ಬಿಣ ಕೇಳಿದ. ಕಬ್ಬಿಣ ಅಂದರೆ ಗುದ್ದಲಿ, ನೇಗಿಲಿನ ಗುಳ, ಉಳಿ, ಸುತ್ತಿಗೆ. ದುಡಿಯುವ ಸಾಧನ. ಇದ್ದವರು ಅದನ್ನು ಕೊಡಲಿಲ್ಲ; ಬದಲಿಗೆ ಸುಟ್ಟ ಕಬ್ಬಿಣ ಹಿಡಿಸಿದರು. ಬೇಡಿದವನು ತಲೆ ಬಗ್ಗಿಸದೆ ಹಿಡಿದ. ಅವನ ಭಿಕ್ಷೆಯಲ್ಲಿ ದೈನ್ಯ ಇಲ್ಲ, ಪಾಲು ಕೇಳುವ ಗತ್ತು ಇದೆ. ಭೂಮಿ ಕೇಳುವ, ವಿದ್ಯೆ ಕೇಳುವ, ಮೀಸಲು ಕೇಳುವ ನಮ್ಮ ಜನರ ಮಾತಿಗೂ ಇದೇ ಗತ್ತು ಬೇಕು. ನೀಲಗಾರರು ಇಷ್ಟು ತಲೆಮಾರು ಕಾಪಾಡಿಕೊಂಡು ಬಂದದ್ದು ಈ ಗತ್ತನ್ನು. ಹಾಡಿದವರಿಗೇ ಅದು ಜೋಳಿಗೆಯ ಭಾರದಲ್ಲಿ ಮರೆತಂತಾಯಿತು.

ಹಾಗಾದರೆ ಏನು ಮಾಡಬೇಕು? ರಾತ್ರಿಯೆಲ್ಲ ಹಾಡುವವನಿಗೆ ಕೂಲಿ ಗೊತ್ತುಮಾಡಿ, ಕಾಳಿನ ದಯೆ ಸಾಕು. ಪುಸ್ತಕದ ಮೇಲೆ, ಮೊಬೈಲಿನ ಹಾಡಿನ ಕೆಳಗೆ, ಮೇಳದವರ ಹೆಸರು ಬರಲಿ. ಡಕ್ಕೆಯವನ ಹೆಸರೂ ಬಿಡಬೇಡಿ. ಮಂಡ್ಯ, ಮದ್ದೂರು, ಮಳವಳ್ಳಿಯ ಹಿರಿಯ ಗಂಟಲುಗಳಿಂದ ಪೂರ್ತಿ ಕಥೆಯನ್ನು, ಚುಚ್ಚುಮಾತು ಸಮೇತ, ನಮ್ಮ ಹುಡುಗ ಹುಡುಗಿಯರೇ ಕೂತು ದಾಖಲು ಮಾಡಲಿ. ಶಾಲೆಯ ಚರಿತ್ರೆ ಪಾಠದಲ್ಲಿ 1799ರ ಕಾಳಗದ ಪಕ್ಕದಲ್ಲಿ ಹಲಗೂರಿನ ಕಬ್ಬಿಣವೂ ಇರಲಿ. ನೀಲಗಾರನ ಮಗಳು ತಂಬೂರಿ ಹಿಡಿದರೆ ಕೂತು ಕೇಳಿ.

ಜೋಳಿಗೆ ಇಳಿಸಿದ ಹೆಗಲಿಗೆ ತಂಬೂರಿ ಇನ್ನೂ ಹಗುರವಾಗಿ ಕೂರುತ್ತದೆ.